ನಾಲ್ಕೂವರೆ ಅಡಿಯ ಬಾಗಿಲು

ಒಗೆದ ಹಾಸುಬಟ್ಟೆಯ ಒಂದು ತುದಿಯನ್ನು ತಂತಿಯ ಮೇಲೆ ಹಾಕಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕ್ಲಿಪ್ಪಿಗಾಗಿ ಬಕೆಟ್ಟಿನ ತಳ ತಡಕುತ್ತಿದ್ದಾಗ ಕರೆಗಂಟೆ ಸದ್ದಾಯಿತು. ನಮ್ಮ ಮನೆಯಲ್ಲಿ ಕರೆಗಂಟೆಗೆ ಎದ್ದು ಹೋಗುವವರು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಅತ್ತೆಗೆ ಮಂಡಿನೋವು. ಮನೆಯವರು ಆ ಹೊತ್ತಿಗಾಗಲೇ ಬಸ್ಸಿನಲ್ಲಿರುತ್ತಾರೆ. ಆರು ವರ್ಷದ ಮಗಳು ಕೂತಲ್ಲಿಂದಲೇ, “ಯಾರು? ಯಾಕ್ ಬಂದ್ರು? ತಿಂಡಿ ತಿಂದ್ಕೊಂಡು ಬಂದಿದಾರಾ?” ಎಂದು ಶುರು ಮಾಡುತ್ತಾಳೆ. ಅವಳಿಗೆ ನಮ್ಮ ಮನೆಯಲ್ಲಿ ಪ್ರಶ್ನೆಪತ್ರಿಕೆ ಎಂದು ಹೆಸರು. ಒದ್ದೆ ಬಟ್ಟೆಯನ್ನು ಹೆಗಲ ಮೇಲೆ ಎಸೆದುಕೊಂಡು ಹೋಗಿ ಬಾಗಿಲು ತೆರೆದೆ.

ಬಾಗಿಲಾಚೆ ಇನ್ನೊಂದು ಬಾಗಿಲು ನಿಂತಿತ್ತು.

ಚೌಕಟ್ಟು, ಚಿಲಕ, ಇಣುಕುವ ಗಾಜಿನ ಕಣ್ಣು, ಅಂಚಿಗೆಲ್ಲ ಬಳ್ಳಿಯ ಕೆತ್ತನೆ. ನಮ್ಮ ಬಾಗಿಲಿಗಿಂತ ಎಷ್ಟೋ ಚೆನ್ನಾಗಿತ್ತು. ಎತ್ತರ ಮಾತ್ರ ನನ್ನ ಗಲ್ಲದ ತನಕ.

“ಅಕ್ಕ, ನಿಮ್ಮ ಬಾಗ್ಲು ಪೂರ್ತಿ ತೆಗೀರಿ, ನನ್ನ ಬಾಗ್ಲು ಒಳಗೆ ಬರ್ಬೇಕು,” ಎಂದಿತು ಅದರ ಹಿಂದಿನಿಂದ ಒಂದು ದನಿ. ನಮ್ಮ ಬೀದಿಯ ಕೊನೆಯ ಬಡಗಿ.

ತಪ್ಪು ನನ್ನದೇ. ಮನೆ ಇಲ್ಲದ ಮಕ್ಕಳ ಕಾಡಿನ ಶಿಬಿರಕ್ಕೆ ಸಾಮಾನು ಕೂಡಿಸಲು ಗೇಟಿನ ಮೇಲೆ ಚೀಟಿ ಅಂಟಿಸಿದ್ದೆ. ಕಂಬಳಿ, ಪಾತ್ರೆ, ಟಾರ್ಚು ಎಂದು ಬರೆದು ಮುಗಿಸಿದ್ದರೆ ಸರಿಹೋಗುತ್ತಿತ್ತು. ಕೊನೆಯಲ್ಲಿ ಜಾಗ ಉಳಿಯಿತೆಂದು “ನಿಮಗೆ ಬೇಡವಾದ ಯಾವ ವಸ್ತುವಾದರೂ ಸರಿ” ಎಂದು ಸೇರಿಸಿದೆ. ಆ ಒಂದು ಸಾಲಿಗೆ ಒಂದು ವಾರದಲ್ಲಿ ಮೂವತ್ತೊಂದು ಟೈಗಳು, ಮೀನಿಲ್ಲದ ಮೀನಿನ ತೊಟ್ಟಿ, ಹಲ್ಲಿನ ಡಾಕ್ಟರರ ಹಳೆಯ ಕುರ್ಚಿ ಬಂದು ನಮ್ಮ ವರಾಂಡದಲ್ಲಿ ಕೂತಿದ್ದವು. ಅತ್ತೆ ಮಧ್ಯಾಹ್ನದ ನಿದ್ದೆಯನ್ನು ಆ ಕುರ್ಚಿಯಲ್ಲೇ ಮಾಡತೊಡಗಿದ್ದರು.

“ಬಾಗಿಲು ಬೇಡವಾದ ವಸ್ತು ಹೇಗಪ್ಪ ಆಗುತ್ತೆ?” ಎಂದೆ.

ಬಡಗಿ ಬಾಗಿಲನ್ನು ಗೋಡೆಗೆ ಒರಗಿಸಿ ಅದರ ಪಕ್ಕ ತಪ್ಪಿತಸ್ಥನಂತೆ ನಿಂತ. “ಜೇಬಲ್ಲಿ ಎರಡು ಅಳತೆ ಚೀಟಿ ಇತ್ತಕ್ಕ. ಒಂದು ದೊಡ್ಡ ಮನೆಯ ಮುಂಬಾಗಿಲಿಂದು. ಇನ್ನೊಂದು, ಬೇರೆಯವರ ಮನೇಲಿ ಮೆಟ್ಟಿಲ ಕೆಳಗೆ ಪೊರಕೆ ಇಡೋ ಗೂಡಿಂದು. ಮರ, ಕೆತ್ತನೆ, ಚಿಲಕ ಎಲ್ಲಾ ಮುಂಬಾಗಿಲಿಂದೇ ಹಾಕ್ದೆ. ಅಳತೆ ಮಾತ್ರ ಪೊರಕೆದಾಯ್ತು.”

“ಮತ್ತೆ ಪೊರಕೆಯವರಿಗೆ?”

“ಏಳಡಿ ಹಲಗೆ ಹೋಯ್ತು. ಅವರು ಈಗ್ಲೂ ನನ್ನ ಕಂಡ್ರೆ ಮುಖ ತಿರುಗಿಸ್ತಾರೆ.” ಅವನು ಕೆತ್ತನೆಯ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ. “ಇದನ್ನ ಅಂಗಡೀಲಿ ನೋಡ್ದಾಗೆಲ್ಲ ಹೊಟ್ಟೆ ಉರಿಯುತ್ತೆ. ಯಾರಾದ್ರೂ ಒಬ್ರು ಇದನ್ನ ತಟ್ಟಿ, ತೆಗೆದು, ಒಳಗೆ ಹೋಗೋದು ನೋಡ್ಬೇಕು ಅಂತ ಆಸೆ. ಇನ್ನೇನೂ ಬೇಡ.”

ಅತ್ತೆ ಹಲ್ಲಿನ ಕುರ್ಚಿಯಿಂದ ಕಣ್ಣು ತೆರೆದು ನೋಡಿದರು. “ಮಕ್ಕಳಿಗೆ ಮನೆ ಇಲ್ಲ ಅಂತಿದ್ದೆ. ಬಾಗಿಲಿಂದ ಶುರು ಮಾಡಿದೀರಾ, ಒಳ್ಳೇದೇ. ಗೋಡೆ ಯಾವತ್ತು ಬರುತ್ತಮ್ಮ?”

ನಾನು ಸೀಟಿ ಅಣ್ಣನಿಗೆ ಫೋನು ಮಾಡಿದೆ. ಶಿಬಿರ ನಡೆಸುವವರು ಅವರು. ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರು ಶಾಲೆ ಬಿಟ್ಟರೂ ಸೀಟಿ ಅವರ ಕೊರಳು ಬಿಟ್ಟಿಲ್ಲ. ವರ್ಷಕ್ಕೊಮ್ಮೆ, ನಿಲ್ದಾಣಗಳಲ್ಲಿ, ಸೇತುವೆಗಳ ಕೆಳಗೆ, ಅಂಗಡಿಗಳ ಮುಂದೆ ಮಲಗುವ ಹದಿನೆಂಟು ಮಕ್ಕಳನ್ನು ನಾಲ್ಕು ದಿನ ಕಾಡಿಗೆ ಕರೆದೊಯ್ಯುತ್ತಾರೆ. ಬೇಯಿಸಿ ಹಾಕಲು, ಗಾಯಕ್ಕೆ ಮುಲಾಮು ಹಚ್ಚಲು, ಹೇನು ತೆಗೆಯಲು ನಾನು ಹೋಗುತ್ತೇನೆ.

“ಬೇಡ ಅನ್ನೋ ಹಾಗಿಲ್ವಲ್ಲ ಅಕ್ಕ,” ಎಂದರು. ಅವರದೊಂದು ನಿಯಮವಿತ್ತು. ಕೊಟ್ಟಿದ್ದನ್ನು ತೆಗೆದುಕೊಳ್ಳಬೇಕು, ಮಕ್ಕಳು ಅದನ್ನು ಬಳಸಬೇಕು, ಬಳಸುತ್ತಿರುವ ಫೋಟೋ ಕೊಟ್ಟವರ ಕೈ ಸೇರಬೇಕು. ಹಿಂದೊಮ್ಮೆ ಯಾರೋ ಕೊಟ್ಟ ಕಂಬಳಿ ಆರು ತಿಂಗಳು ಕಟ್ಟು ಬಿಚ್ಚದೆ ಕೊಳೆತು ಹೋದಾಗಿನಿಂದ ಇದನ್ನು ಅವರು ಜೀವದಂತೆ ಪಾಲಿಸುತ್ತಿದ್ದರು. “ತಗೊಂಡು ಬನ್ನಿ. ಕಾಡಲ್ಲಿ ಜಾಗಕ್ಕೇನು ಬರ.”

ಹೀಗೆ ಗುರುವಾರ ಬೆಳಿಗ್ಗೆ ನಾನು, ಮಗಳು, ಹನ್ನೊಂದು ಕಿಲೋ ಆಲೂಗಡ್ಡೆ, ಟೈಗಳು, ಮೀನಿನ ತೊಟ್ಟಿ, ಹಲ್ಲಿನ ಕುರ್ಚಿ ಮತ್ತು ಒಂದು ಮುಂಬಾಗಿಲು ಕಾಡಿಗೆ ಹೊರಟೆವು.

ಮೊದಲ ಪಾಠ ಸೀಟಿ ಅಣ್ಣನದು: ಛಾವಣಿ ಇಲ್ಲದೆ ಮಲಗುವುದು ಹೇಗೆ. ಮೊದಲ ವ್ಯಾನಿನಲ್ಲಿ ಬಂದಿದ್ದ ಒಂಬತ್ತು ಮಕ್ಕಳು ಕೈಕಟ್ಟಿ ಕೂತು ಬಹಳ ಮರ್ಯಾದೆಯಿಂದ ಕೇಳಿದರು. ಕೊನೆಗೆ ಹನ್ನೆರಡು ವರ್ಷದ ಒಬ್ಬ ಹುಡುಗಿ ಕೈಯೆತ್ತಿದಳು. “ಅಣ್ಣ, ಮೊದ್ಲು ರಟ್ಟು, ಆಮೇಲೆ ಪೇಪರ್ರು. ನೀವು ಉಲ್ಟಾ ಹೇಳ್ತಿದೀರ. ಹಾಗೆ ಮಲಗಿದ್ರೆ ಬೆಳಿಗ್ಗೆ ಬೆನ್ನು ಹಿಡ್ಕೊಳ್ಳುತ್ತೆ.” ಸೀಟಿ ಅಣ್ಣ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಅವಳನ್ನು ಮಕ್ಕಳೆಲ್ಲ ಓನರಮ್ಮ ಎನ್ನುತ್ತಿದ್ದರು. ಸೇತುವೆಯ ಕೆಳಗೆ ಯಾರು ಎಲ್ಲಿ ಮಲಗಬೇಕು ಎಂದು ತೀರ್ಮಾನಿಸುತ್ತಿದ್ದವಳು ಅವಳೇ.

ಬಾಗಿಲನ್ನು ಎರಡು ಮರಗಳ ನಡುವೆ ನಿಲ್ಲಿಸಿದೆವು. ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಹಗ್ಗವೆಲ್ಲ ಡೇರೆಗಳಿಗೆ ಹೋಗಿತ್ತು. ಮೂವತ್ತೊಂದು ಟೈಗಳಿಂದ ಚೌಕಟ್ಟನ್ನು ಮರಗಳಿಗೆ ಬಿಗಿದೆವು. ಟೈಗಳೂ ಬಳಕೆಯಾದವು, ಒಂದೇ ಫೋಟೋದಲ್ಲಿ ಇಬ್ಬರು ದಾನಿಗಳು ಮುಗಿದರು ಎಂದು ಸೀಟಿ ಅಣ್ಣನಿಗೆ ಸಂತೋಷವಾಯಿತು.

“ಒಳಗೆ ಯಾವ್ದು? ಹೊರಗೆ ಯಾವ್ದು?” ಓನರಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

ಸೀಟಿ ಅಣ್ಣ ಬಾಗಿಲನ್ನು ಎರಡು ಸುತ್ತು ಹಾಕಿದರು. ಚಿಲಕ ನನ್ನ ಒಲೆಯ ಕಡೆಗಿತ್ತು. “ಚಿಲಕ ಇರೋ ಕಡೆ ಒಳಗೆ,” ಎಂದರು.

ಅಲ್ಲಿಗೆ ಒಲೆ, ಡೇರೆಗಳು, ಹಳ್ಳ, ಹಳ್ಳದಾಚೆಯ ಗುಡ್ಡ, ಗುಡ್ಡದಾಚೆ ಇರುವುದೆಲ್ಲ ಮನೆಯೊಳಗಾಯಿತು. ದಾರಿ, ವ್ಯಾನು, ನಗರ, ನಮ್ಮ ಅತ್ತೆ, ಕಕ್ಕಸು ಎಲ್ಲ ಹೊರಗೆ ಉಳಿದವು.

ಫೋಟೋಗಾಗಿ ಒಂಬತ್ತು ಮಕ್ಕಳೂ ಒಬ್ಬೊಬ್ಬರಾಗಿ ತಟ್ಟಿ, “ಒಳಗೆ ಬರಲಾ?” ಎಂದು ಕೇಳಿ ಬಂದರು. ಫೋಟೋ ಮುಗಿಯಿತು, ಬಾಗಿಲು ಮುಗಿಯಲಿಲ್ಲ. ನಾನು ದಾರಿ ಬದಿಯ ಕೈಪಂಪಿನಿಂದ ನೀರು ತರಲು ಬಾಗಿಲ ಪಕ್ಕದಿಂದ ಹಾದು ಹೋಗಿ ಅದೇ ದಾರಿಯಲ್ಲಿ ವಾಪಸು ಬಂದೆ. ಒಂಬತ್ತು ಮಕ್ಕಳೂ ಕೆಲಸ ಬಿಟ್ಟು ನನ್ನನ್ನೇ ನೋಡಿದರು.

“ಆಂಟಿ,” ಎಂದಳು ಓನರಮ್ಮ, “ಗೋಡೆ ತೂರ್ಕೊಂಡು ಬಂದ್ರಲ್ಲ.”

“ಗೋಡೆ ಎಲ್ಲಿದೆಯೇ?”

“ಬಾಗ್ಲು ಇದ್ದ ಮೇಲೆ ಗೋಡೆ ಇದ್ದೇ ಇರುತ್ತೆ. ಚಪ್ಪಲಿ ಬಿಟ್ಟು, ತಟ್ಟಿ, ಕೇಳಿ ಬನ್ನಿ.”

ನಾನು ಎರಡು ಕೊಡ ನೀರು ಹೊತ್ತುಕೊಂಡೇ ಹಿಂದೆ ಹೋದೆ. ಚಪ್ಪಲಿ ಬಿಟ್ಟೆ, ಮೊಣಕೈಯಿಂದ ತಟ್ಟಿದೆ, ಕೇಳಿದೆ, ನಾಲ್ಕೂವರೆ ಅಡಿಗೆ ಬಗ್ಗಿ ಒಳಗೆ ಬಂದೆ.

“ನಿಮಗೆ ಬೇಜಾರಾಯ್ತಾ?” ಎಂದು ಆಮೇಲೆ ಅವಳೇ ಆಲೂಗಡ್ಡೆ ಸುಲಿಯಲು ಬಂದು ಕೂತಳು. “ನಮ್ಮ ಜಾಗಕ್ಕೆ ಯಾರ್ ಬೇಕಾದ್ರೂ ಬರ್ತಾರೆ ಆಂಟಿ. ಪೊಲೀಸ್ನೋರು, ನಾಯಿ. ಒಂದ್ಸಲ ಒಂದು ಬಸ್ಸೇ ಬಂದಿತ್ತು. ಒಬ್ರೂ ಕೇಳಿ ಬಂದಿಲ್ಲ.”

ಎರಡನೇ ವ್ಯಾನು ಮಧ್ಯಾಹ್ನ ಬಂತು. ಎಂಟು ಮಕ್ಕಳು ನಿಯಮ ಕೇಳಿ, ನಕ್ಕು, ಚಪ್ಪಲಿ ಬಿಟ್ಟು, ತಟ್ಟಿ ಬಂದರು. ಒಂಬತ್ತನೆಯವಳು ಬರಲಿಲ್ಲ. ಒಂಬತ್ತು ವರ್ಷವಿರಬೇಕು, ಹಸಿರು ಸ್ವೆಟರು, ಅದರ ತೋಳು ಬೆರಳು ಮುಚ್ಚುವಷ್ಟು ಉದ್ದ. ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ನಿಂತೇ ಇದ್ದಳು. ಅವಳ ಹೆಸರು ಕಂಬ ಎಂದು ಮಕ್ಕಳು ಹೇಳಿದರು.

“ತಟ್ಟು, ಕೇಳು, ಬಾ. ಅಷ್ಟೇ,” ಎಂದೆ.

ಅವಳು ತಲೆಯಾಡಿಸಿದಳು. ಬೇಡ ಎಂದಲ್ಲ, ಗೊತ್ತಾಯಿತು ಎಂದು. ಗೊತ್ತಾದ ಮೇಲೂ ಅಲ್ಲೇ ನಿಂತಳು. ಸಂಜೆಯ ಬ್ರೆಡ್ಡು, ಸೂಪು, ಕಂಬಳಿ, ಒಂದು ಸಣ್ಣ ಡೇರೆ ಎಲ್ಲವನ್ನೂ ಬಾಗಿಲಾಚೆಗೇ ಸಾಗಿಸಬೇಕಾಯಿತು. ಕೊಟ್ಟಿದ್ದನ್ನು ತೆಗೆದುಕೊಳ್ಳುತ್ತಿದ್ದಳು. ಕೇಳುವುದು ಮಾತ್ರ ಇಲ್ಲ.

ಒಲೆಯ ಪಕ್ಕ ಸೀಟಿ ಅಣ್ಣ ದನಿ ತಗ್ಗಿಸಿದರು. “ಅಕ್ಕ, ಈ ಸಲದ ಶಿಬಿರ ನನಗೆ ಅವಳೊಬ್ಬಳಿಗೋಸ್ಕರ.”

ನಗರದಲ್ಲಿ ಒಬ್ಬಾಕೆ ಹತ್ತು ಹುಡುಗಿಯರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಸಾಕುತ್ತಾರೆ. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಾರೆ. ಅಲ್ಲಿ ಒಂದು ಹಾಸಿಗೆ ಖಾಲಿ ಇತ್ತು. ಆದರೆ ದೊಡ್ಡಮ್ಮನದೂ ಒಂದು ಪದ್ಧತಿ. ಮೊದಲು ಯಾರು ಯಾರೋ ಮಕ್ಕಳನ್ನು ಎಳೆದು ತಂದು ಬಿಡುತ್ತಿದ್ದರು, ವಾರದಲ್ಲಿ ಆ ಮಕ್ಕಳು ಕಿಟಕಿ ಹಾರಿ ಹೋಗುತ್ತಿದ್ದವು. ಆಮೇಲಿನಿಂದ ಮಗು ತನ್ನ ಬಾಯಿಂದ ತಾನೇ ಕೇಳಿದರೆ ಮಾತ್ರ ಒಳಗೆ.

“ಎರಡು ಸಲ ಕರ್ಕೊಂಡು ಹೋಗಿದ್ದೆ. ಎರಡು ಸಲಾನೂ ಅವರ ಬಾಗಿಲ ಮುಂದೆ ಹೀಗೇ ನಿಂತಳು, ಕತ್ತಲಾಗೋ ತನಕ. ದೊಡ್ಡಮ್ಮಂಗೂ ಕಣ್ಣಲ್ಲಿ ನೀರು, ಆದ್ರೆ ಪದ್ಧತಿ ಪದ್ಧತೀನೇ. ಭಾನುವಾರ ಅವರೇ ಇಲ್ಲಿಗೆ ಬರ್ತಾರೆ. ಅಷ್ಟರಲ್ಲಿ ಬಾಯಿ ಬಿಟ್ಟಳು ಅಂದ್ರೆ ಹಾಸಿಗೆ ಅವಳದು. ಇಲ್ದಿದ್ರೆ ಸೋಮವಾರ ಬೇರೆ ಮಗು ಬರುತ್ತೆ.” ಸೀಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. “ನಾನು ಕವಾಯತು ಕಲಿಸಿದೋನು. ಕೇಳೋದು ಹೇಗೆ ಕಲಿಸೋದು ಅಂತ ನಂಗೆ ಗೊತ್ತಿಲ್ಲ.”

ನನಗೆ ಗೊತ್ತಿದೆ ಎಂದುಕೊಂಡೆ. ದಿನಕ್ಕೆ ಇನ್ನೂರು ಪ್ರಶ್ನೆ ಕೇಳುವ ಮಗುವನ್ನು ಹೆತ್ತವಳು ನಾನು.

ಶುಕ್ರವಾರ ಬೆಳಿಗ್ಗೆ ಅವಳಿಗೆ ಸೂಪು ಕೊಟ್ಟು ಚಮಚ ಕೊಡಲಿಲ್ಲ. ಕುಡಿದಳು. ಬ್ರೆಡ್ಡು ಕೊಟ್ಟು ಜಾಮ್ ಬಾಟಲಿಯನ್ನು ಕಣ್ಣಿಗೆ ಕಾಣುವಂತೆ ದೂರ ಇಟ್ಟೆ. ಬಾಟಲಿಯನ್ನು ನೋಡುತ್ತಾ ಬ್ರೆಡ್ಡು ತಿಂದಳು. ತರಚಿದ ಮೊಣಕಾಲಿಗೆ ಮುಲಾಮು ಹಚ್ಚಿ ಪಟ್ಟಿಯ ಒಂದು ತುದಿಯನ್ನು ಕಟ್ಟದೆ ಬಿಟ್ಟೆ. ಊಟದ ಹೊತ್ತಿನವರೆಗೂ ಆ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಡೆದಾಡಿದಳು. ಮಧ್ಯಾಹ್ನ, ಯಾವ ತಾಯಿಯೂ ಮಾಡಬಾರದ್ದನ್ನು ಮಾಡಿದೆ. ಖಾಲಿ ತಟ್ಟೆ ಕೊಟ್ಟೆ. ಈಗ ಕೇಳುತ್ತಾಳೆ ಎಂದು ಎದುರಿಗೇ ನಿಂತೆ. ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಊಟ ಮಾಡುವಷ್ಟು ಹೊತ್ತು ಕೂತಿದ್ದು, ಎದ್ದು, ಅದನ್ನು ತೊಳೆದು ತಂದು ನನ್ನ ಕೈಗೆ ಕೊಟ್ಟಳು.

ನಾನು ಓಡಿ ಹೋಗಿ ಎರಡು ಮೊಟ್ಟೆ, ನಾಲ್ಕು ಆಲೂಗಡ್ಡೆ ಹಾಕಿಕೊಂಡು ಬರುವಷ್ಟರಲ್ಲಿ ಓನರಮ್ಮ ಇಣುಕುಗಾಜಿನಿಂದ ಎಲ್ಲ ನೋಡಿಬಿಟ್ಟಿದ್ದಳು.

“ಆಂಟಿ, ಹೊರಗೆ ಹೋಗಿ.”

“ನಾನು ಅವಳಿಗೆ ಕಲಿಸೋಣ ಅಂತ…”

“ಖಾಲಿ ತಟ್ಟೆ ಕೊಡೋರು ನಮ್ಮನೇಲಿ ಬೇಡ. ಹೋಗಿ. ಸಾಯಂಕಾಲ ಅಡುಗೆ ಹೊತ್ತಿಗೆ ಕರೀತೀವಿ.”

ನಾನು ಹೋದೆ. ಬಾಗಿಲಾಚೆ ಬಿದ್ದ ಮರದ ದಿಮ್ಮಿಯ ಮೇಲೆ ಕಂಬ ಕೂತಿದ್ದಳು. ಸರಿದು ಜಾಗ ಕೊಟ್ಟಳು. ಅವಳ ಬಾಯಿಗೆ ಮೊಟ್ಟೆ, ನನ್ನ ಬಾಯಿಗೆ ಬೀಗ. ಅದೇ ಹೊತ್ತಿನಲ್ಲಿ ಅವಳ ಮೊಣಕಾಲಿನ ಪಟ್ಟಿಯನ್ನು ಸರಿಯಾಗಿ ಕಟ್ಟಿದೆ.

ಶನಿವಾರ ಬೆಳಿಗ್ಗೆ ಅಡುಗೆ ಮುಗಿಸಿ ನಾನು ಮತ್ತೆ ದಿಮ್ಮಿಗೆ ಬರುವಷ್ಟರಲ್ಲಿ ಅಲ್ಲಿ ಜನ ಹೆಚ್ಚತೊಡಗಿದ್ದರು. ಓನರಮ್ಮನಿಗೆ ಮನೆ ನಡೆಸುವ ಹುಮ್ಮಸ್ಸು ಏರಿತ್ತು. ತಟ್ಟೆ ತೊಳೆಯದ್ದಕ್ಕೆ ಒಬ್ಬ, ಮೀನಿನ ತೊಟ್ಟಿಯಲ್ಲಿ ಕಾಲು ತೊಳೆದದ್ದಕ್ಕೆ ಇಬ್ಬರು ಹೊರಗೆ ಬಂದರು. ಮನೆಯೊಳಗೆ ಸೀಟಿ ಊದಿದ್ದಕ್ಕೆ ಸೀಟಿ ಅಣ್ಣನನ್ನೇ ಹೊರಗೆ ಕಳಿಸಿದಳು. “ಅಜ್ಜಂದಿರು ಮಲಗೋ ಹೊತ್ತಲ್ವಾ ಇದು,” ಎಂದಳು. ಅಜ್ಜಂದಿರು ಯಾರೂ ಇರಲಿಲ್ಲ, ಆದರೂ ಸೀಟಿ ಅಣ್ಣ ಕೈಮುಗಿದು ಬಂದರು. ಆಮೇಲೆ ನನ್ನ ಮಗಳೂ ಬಂದಳು.

“ನಿನ್ನನ್ಯಾಕೆ ಕಳಿಸಿದರು?”

“ಜಾಸ್ತಿ ಪ್ರಶ್ನೆ ಕೇಳಿದ್ದಕ್ಕೆ. ಎಷ್ಟು ಕೇಳಿದ್ರೆ ಜಾಸ್ತಿ ಅಂತ ಕೇಳ್ದೆ, ಅದೇ ಜಾಸ್ತಿ ಆಯ್ತಂತೆ.” ಅವಳು ಹಸಿರು ಸ್ವೆಟರಿನವಳ ಪಕ್ಕ ಒತ್ತಿಕೊಂಡು ಕೂತಳು. “ಅಮ್ಮ, ನಾನು ಇವಳಿಗೆ ಕೇಳೋದು ಕಲಿಸ್ಲಾ?”

“ಕಲಿಸು.”

ಒಂದು ಗಂಟೆ ಕಲಿಸಿದಳು. ಇದೇನು, ಅದೇನು, ಇರುವೆಗೆ ಅಮ್ಮ ಇರುತ್ತಾಳಾ, ನಿನ್ನ ಸ್ವೆಟರು ಯಾರದು. ಕಂಬ ಒಂದೊಂದಕ್ಕೂ ಯೋಚಿಸಿ ತಲೆಯಾಡಿಸಿದಳು. ಕೊನೆಗೆ ಮಗಳು ಸೋತು ನನ್ನ ಹತ್ತಿರ ಬಂದಳು. “ಇವಳು ಉತ್ತರ ಕೊಡೋದು ಕಲೀತಿದಾಳೆ ಅಮ್ಮ. ಇದು ಬೇರೆ ಪಾಠ.”

ಕಂಬ ಮಾತ್ರ ಬಾಗಿಲನ್ನು ನೋಡುತ್ತಿದ್ದಳು. ಒಬ್ಬೊಬ್ಬರು ಕೇಳಿ ಒಳಗೆ ಹೋಗುವುದನ್ನು, ಒಬ್ಬೊಬ್ಬರನ್ನು ಹೋಗು ಎಂದು ಹೊರಗೆ ಕಳಿಸುವುದನ್ನು. ಬಸ್ಸಿನ ವೇಳೆ ನೋಡಿಕೊಳ್ಳುವವರಂತೆ ನೋಡುತ್ತಿದ್ದಳು.

ಕಾಡಿನ ಗಾರ್ಡು ಬಂದದ್ದು ಆಗಲೇ. ಮೂರು ಮೈಲಿ ದೂರದಿಂದ ಬಾಗಿಲು ಕಂಡಿತಂತೆ. ಕಾಡಿನಲ್ಲಿ ಕಟ್ಟಡ ಕಟ್ಟುವಂತಿಲ್ಲ.

“ಕಟ್ಟಡ ಎಲ್ಲಿದೆ?” ಸೀಟಿ ಅಣ್ಣ ಕೇಳಿದರು.

ಗಾರ್ಡು ಫಾರಂ ತೆಗೆದು ಓದಿದ. “ಗೋಡೆ, ಛಾವಣಿ ಅಥವಾ ಬಾಗಿಲು ಇರುವ ಯಾವುದೇ ರಚನೆ. ‘ಅಥವಾ’ ಅಂತಿದೆ ಸಾರ್. ವಿಸ್ತೀರ್ಣ ಬರ್ಕೊಂಡು ಹೋಗ್ಬೇಕು.” ಟೇಪು ಹಿಡಿದು ಬಾಗಿಲ ಪಕ್ಕದಿಂದ ನಡೆಯಲು ಹೋದ.

“ಗೋಡೆ,” ಎಂದೆವು ದಿಮ್ಮಿಯ ಮೇಲಿದ್ದವರೆಲ್ಲ ಒಟ್ಟಿಗೆ.

ಅವನು ನಿಂತ. ನಮ್ಮನ್ನು ನೋಡಿದ. ಬಗ್ಗಿ ಬೂಟಿನ ದಾರ ಬಿಚ್ಚಿದ, ತಟ್ಟಿದ. “ಒಳಗೆ ಬರಲಾ?”

“ಊಟದ ಹೊತ್ತು. ಆಮೇಲೆ ಬನ್ನಿ,” ಎಂದಳು ಓನರಮ್ಮ ಒಳಗಿನಿಂದ.

ಗಾರ್ಡು ಕಾಲುಚೀಲದಲ್ಲೇ ಬಂದು ದಿಮ್ಮಿಯ ಮೇಲೆ ಕೂತ. ಕಂಬ ಸರಿದು ಜಾಗ ಕೊಟ್ಟಳು. “ಇಪ್ಪತ್ತೆರಡು ವರ್ಷ ಸರ್ವೀಸು,” ಎಂದ ಅವಳಿಗೇ ಹೇಳುವಂತೆ. “ದಿನಾ ಜನಕ್ಕೆ ಹೋಗಿ ಹೋಗಿ ಅಂತ ಹೇಳೋದೇ ಕೆಲ್ಸ. ಇಲ್ಲಿ ಕೂರ್ಬೇಡಿ, ಹೋಗಿ. ಇಲ್ಲಿ ಮಲಗ್ಬೇಡಿ, ಹೋಗಿ. ಬನ್ನಿ ಅಂತ ಯಾರಿಗಾದ್ರೂ ಹೇಳಿದೀನಾ ಅಂತ ಯೋಚ್ನೆ ಮಾಡ್ತಿದೀನಿ. ನೆನಪಾಗ್ತಿಲ್ಲ.”

ಕಂಬ ಅವನ ಮುಖವನ್ನು ನೆಟ್ಟಗೆ ನೋಡಿದಳು. ಮೂರು ದಿನದಲ್ಲಿ ಅವಳು ಯಾರನ್ನೂ ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಬಾಯಿ ಅರ್ಧ ತೆರೆಯಿತು. ನಾನು ಉಸಿರು ಹಿಡಿದೆ. ಅಷ್ಟರಲ್ಲಿ ಒಳಗಿನಿಂದ “ಬನ್ನಿ” ಎಂದರು, ಗಾರ್ಡು ಎದ್ದು ಹೋದ, ಬಾಯಿ ಮುಚ್ಚಿತು.

ಗಾರ್ಡು ಒಳಗೆ ಅಳೆಯಲು ತುಂಬ ಹೊತ್ತು ತೆಗೆದುಕೊಂಡ. ಒಂದು ಕಡೆ ಬಾಗಿಲಿತ್ತು, ಇನ್ನು ಮೂರು ಕಡೆ ಏನೂ ಇರಲಿಲ್ಲ. ಕೊನೆಗೆ ವಿಸ್ತೀರ್ಣದ ಜಾಗದಲ್ಲಿ “ಗುಡ್ಡದವರೆಗೆ, ಗುಡ್ಡ ಸೇರಿ” ಎಂದು ಬರೆದ. ಅಷ್ಟು ದೊಡ್ಡ ಕಟ್ಟಡಕ್ಕೆ ಅನುಮತಿ ಕೊಡುವ ಅಧಿಕಾರ ತನಗಿಲ್ಲ, ಭಾನುವಾರ ಹನ್ನೆರಡು ಗಂಟೆಯೊಳಗೆ ಬಾಗಿಲನ್ನು ಬಿಚ್ಚಿ ತೆಗೆದಿರಬೇಕು ಎಂದ. ಹೋಗುವಾಗ ಬೂಟಿನೊಳಗೆ ಯಾರೋ ಮಡಚಿ ಇಟ್ಟಿದ್ದ ಬ್ರೆಡ್ಡು ಸಿಕ್ಕಿ ಬಹಳ ಹೊತ್ತು ಅದನ್ನು ನೋಡುತ್ತಾ ನಿಂತಿದ್ದ.

ಭಾನುವಾರ ಹತ್ತಕ್ಕೆ ದೊಡ್ಡಮ್ಮ ಬಂದರು. ಎತ್ತರದ ದಪ್ಪ ಹೆಂಗಸು, ಒಂದು ಮಂಡಿ ಮಡಚುವುದಿಲ್ಲ, ಕೈಯಲ್ಲಿ ಅರ್ಧ ಹೆಣೆದ ಸ್ವೆಟರು. ಅವರನ್ನು ಕಂಡಕೂಡಲೇ ಕಂಬ ದಿಮ್ಮಿಯಿಂದ ಎದ್ದು ನಿಂತಳು, ಆದರೆ ನಿಂತಳು ಅಷ್ಟೇ. ದೊಡ್ಡಮ್ಮ ಅವಳ ತಲೆಯನ್ನೊಮ್ಮೆ ಸವರಿದರು. ಬಾಗಿಲ ಕಥೆಯನ್ನು ಸೀಟಿ ಅಣ್ಣನಿಂದ ಕೇಳಿದರು. ನಗಲಿಲ್ಲ. ಚಪ್ಪಲಿ ಬಿಟ್ಟು ತಟ್ಟಿದರು.

“ಒಳಗೆ ಬರಲೇನಮ್ಮ?”

“ಬನ್ನಿ. ತಲೆ ಜೋಪಾನ,” ಎಂದಳು ಓನರಮ್ಮ.

ಅವರು ನೇರ ಕಾಲನ್ನು ಮೊದಲು ಕಳಿಸಿ, ಆಮೇಲೆ ಅಡ್ಡಡ್ಡ ತಾವು ಹೋಗಬೇಕಾಯಿತು. ಮಧ್ಯದಲ್ಲಿ ಸಿಕ್ಕಿಕೊಂಡರು. ಒಳಗಿನಿಂದ ಆರು ಮಕ್ಕಳು ಎಳೆದರು, ಹೊರಗಿನಿಂದ ನಾನೂ ಸೀಟಿ ಅಣ್ಣನೂ ಒತ್ತಿದೆವು. ಗೋಡೆ ಇಲ್ಲದ ಜಾಗದಲ್ಲಿ ಒಬ್ಬರನ್ನು ಬಾಗಿಲಿನಿಂದ ಒಳಗೆ ಸೇರಿಸಲು ನಾವು ಎಂಟು ಜನ ಬೆವರು ಸುರಿಸಿದೆವು. ದೊಡ್ಡಮ್ಮ ಹೋಗಿ ಹಲ್ಲಿನ ಕುರ್ಚಿಯಲ್ಲಿ ಕೂತರು. ಅದು ತಾನಾಗಿಯೇ ಹಿಂದಕ್ಕೆ ಒರಗಿ ಅವರನ್ನು ಆಕಾಶದ ಕಡೆಗೆ ತಿರುಗಿಸಿತು. ಹಾಗೇ ಮಲಗಿಕೊಂಡು ಹೆಣಿಗೆ ಮುಂದುವರಿಸಿದರು. “ನಾನು ಕಾಯ್ತೀನಿ,” ಎಂದರು ಮರದ ಕೊಂಬೆಗಳಿಗೆ.

ಹನ್ನೊಂದಕ್ಕೆ ಬಡಗಿ ಬಂದ. ಬಾಗಿಲು ಬಿಚ್ಚಿ ಒಯ್ಯಲು ಅವನನ್ನು ಕರೆಸಿದ್ದೆವು. ಕಳಿಸಿದ್ದ ಫೋಟೋದಲ್ಲಿ ಯಾರೋ ಕಣ್ಣು ಮುಚ್ಚಿದ್ದರೆಂದು ಅವನಿಗೆ ಸಮಾಧಾನವಾಗಿರಲಿಲ್ಲ. ನಿಯಮ ಕೇಳಿದ. ಬಾಗಿಲ ಮುಂದಿನ ಚಪ್ಪಲಿಗಳ ಇಡೀ ಸಾಲನ್ನು ನೋಡಿದ. ನಾಲ್ಕು ಹೆಜ್ಜೆ ದೂರ ನಿಂತಿದ್ದ ಹುಡುಗಿಯನ್ನೂ ನೋಡಿದ. ನಾನು ಅವನ ಕಿವಿಯಲ್ಲಿ ಎರಡು ಮಾತು ಹೇಳಿದೆ.

“ಮೂವತ್ತೊಂದು ಗಂಟು ಇದೆ,” ಎಂದ ಗಟ್ಟಿಯಾಗಿ. “ಒಂದೊಂದಾಗಿ ಬಿಚ್ತೀನಿ. ನಂಗೇನು ಅವಸರ ಇಲ್ಲ.”

ಟೈಯೊಂದನ್ನು ಬಿಚ್ಚಿದ. ನೆಲದ ಮೇಲೆ ಹಾಸಿ, ಸುಕ್ಕು ತೀಡಿ, ಮಡಚಿ ಇಟ್ಟ. ಇನ್ನೊಂದು. ಹತ್ತು ಬಿಚ್ಚಿ ಎರಡನ್ನು ಮತ್ತೆ ಕಟ್ಟಿದ, ಬಣ್ಣ ತಪ್ಪಿತೆಂದು. ಗಾರ್ಡು ಹನ್ನೊಂದೂವರೆಗೆ ಬಂದು, ಗಡಿಯಾರ ನೋಡಿ, ಬೂಟು ಬಿಚ್ಚಿ, ತಾನೂ ಕೂತು ಟೈ ಮಡಚತೊಡಗಿದ. ಬಾಗಿಲು ಅಲುಗಾಡತೊಡಗಿತು.

ನಾನು ಹಸಿರು ಸ್ವೆಟರಿನವಳ ಹತ್ತಿರ ಹೋಗಿ ಮಂಡಿಯೂರಿದೆ. “ಕಂದ, ಎರಡೇ ಮಾತು. ಒಳಗೆ ಬರಲಾ. ನಾನು ಹೇಳ್ಕೊಡ್ತೀನಿ, ನನ್ನ ಹಿಂದೆ ಹೇಳು.”

ಅವಳು ನನ್ನನ್ನು ನೋಡಿದ ಬಗೆಗೆ ನನಗೆ ಆ ಖಾಲಿ ತಟ್ಟೆ ನೆನಪಾಯಿತು. ಎದ್ದು ಹಿಂದೆ ಸರಿದೆ.

“ಅಮ್ಮ, ಅವಳ ಬದ್ಲು ನಾನು ಕೇಳ್ಬಿಡ್ಲಾ?” ಎಂದಳು ಮಗಳು. “ನಂಗೆ ಚೆನ್ನಾಗಿ ಬರುತ್ತೆ.”

“ಬೇಡ. ಅವಳೇ ಕೇಳ್ಬೇಕು.”

“ಅವಳಿಗೆ ಆ ಪ್ರಶ್ನೆ ಇಷ್ಟ ಇಲ್ವೇನೋ.”

ನಾನು ಅವಳ ಬಾಯಿಯ ಮೇಲೆ ಕೈಯಿಟ್ಟೆ. ಆದರೆ ಮಾತು ಆಗಲೇ ಹೊರಬಿದ್ದಿತ್ತು. ಕಂಬ ಅದನ್ನು ಕೇಳಿಸಿಕೊಂಡಳು. ಒಮ್ಮೆ ಗಾರ್ಡಿನ ಕಡೆ, ಒಮ್ಮೆ ಓನರಮ್ಮ ಇಣುಕುತ್ತಿದ್ದ ಗಾಜಿನ ಕಡೆ ನೋಡಿದಳು.

ಮೂರು ಟೈ ಉಳಿದಿದ್ದವು. ಬಡಗಿಯ ಕೈ ಮೂರನೆಯದರ ಮೇಲೆ ನಿಂತೇ ಇತ್ತು. ಗಾರ್ಡು ಗಡಿಯಾರವನ್ನು ತೋಳಿನ ಒಳಗೆ ಎಳೆದುಕೊಂಡ.

ಕಂಬ ಚಪ್ಪಲಿ ಬಿಟ್ಟಳು. ಜೋಡಿಸಿ ಇಟ್ಟಳು. ಸ್ವೆಟರಿನ ತೋಳನ್ನು ಮೇಲೆ ಎಳೆದು ಬೆರಳು ಹೊರತೆಗೆದಳು. ಆ ನಾಲ್ಕು ಹೆಜ್ಜೆ ನಡೆದು ಬಾಗಿಲು ತಟ್ಟಿದಳು. ಒಂದೇ ಸಲ. ಬಿಗಿಯಿಲ್ಲದ ಚೌಕಟ್ಟು ತೂಗಿತು. ಬಡಗಿ ಒಂದು ಕಡೆಯಿಂದ, ಗಾರ್ಡು ಇನ್ನೊಂದು ಕಡೆಯಿಂದ ಅದನ್ನು ಅಪ್ಪಿ ಹಿಡಿದರು.

“ಯಾರು?” ಎಂದಳು ಓನರಮ್ಮ. ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ.

ಒಳಗೆ ಹಲ್ಲಿನ ಕುರ್ಚಿ ಕಿರುಗುಟ್ಟಿತು, ನೇರ ಕಾಲಿನ ನಡಿಗೆ ಸದ್ದಾಯಿತು, ಚಿಲಕ ಸರಿಯಿತು. ಬಾಗಿಲು ತೆರೆದು ದೊಡ್ಡಮ್ಮ ನಾಲ್ಕೂವರೆ ಅಡಿಗೆ ಬಗ್ಗಿದರು. ಅವರ ಮುಖ ಅವಳ ಮುಖದ ಎದುರಿಗೆ ಬಂತು. ಅವರು “ಬಾ” ಎನ್ನಲಿಲ್ಲ. ಅಲ್ಲಿದ್ದ ನಮಗೆಲ್ಲ ಅದು ಗಂಟಲಿಗೆ ಬಂದಿತ್ತು, ಯಾರೂ ಎನ್ನಲಿಲ್ಲ.

ಕಂಬ ಅವರ ಭುಜದಾಚೆ, ಒಲೆಯನ್ನೋ ಗುಡ್ಡವನ್ನೋ ನೋಡಲಿಲ್ಲ. ಅವರ ಕಣ್ಣನ್ನೇ ನೋಡಿದಳು. ಬಹಳ ದಿನ ಬಳಸದ ನಲ್ಲಿಯಂತೆ ಮೊದಲು ಬರೀ ಗಾಳಿ ಬಂತು, ಆಮೇಲೆ ದನಿ ಬಂತು.

“ಬಂದ್ಮೇಲೆ,” ಎಂದಳು, “ಯಾವಾಗ ಹೋಗು ಅಂತೀರಾ?”